ಸರಾಸರಿ ವೇಗೋತ್ಕರ್ಷ ಮತ್ತು ಬಲದ ಗಣನೆ

ಚಲಿಸುವ ಕಾಯವೊಂದರ ವೇಗದಲ್ಲಿ ಗೊತ್ತಾದ ಕಾಲಾವಧಿಯೊಳಗೆ ಉಂಟಾದ ಒಟ್ಟು ವ್ಯತ್ಯಾಸವನ್ನು ಆ ಅವಧಿಯಿಂದ ಭಾಗಿಸಿದಾಗ ದೊರೆಯುವ ಲಬ್ಧಕ್ಕೆ ಸರಾಸರಿ ವೇಗೋತ್ಕರ್ಷವೆಂದೂ, ಅದನ್ನು ಕಾಯದ ದ್ರವ್ಯರಾಶಿಯಿಂದ ಗುಣಿಸಿದಾಗ ಬರುವ ಗುಣಲಬ್ಧಕ್ಕೆ ಸರಾಸರಿ ಫಲಿತ ಬಲವೆಂದೂ ಬಲವಿಜ್ಞಾನದಲ್ಲಿ ಹೆಸರು. ಅಂತಿಮ ವೇಗದಿಂದ ಆದಿವೇಗವನ್ನು ಕಳೆದು ಕಾಲದಿಂದ ಭಾಗಿಸುವುದು, ಬಳಿಕ ದ್ರವ್ಯರಾಶಿಯಿಂದ ಗುಣಿಸುವುದು: ಕ್ರಿಯೆ ಇಷ್ಟೇ ಆದುದರಿಂದ ಪ್ರೌಢಶಾಲೆಯ ವಿದ್ಯಾರ್ಥಿಗೂ ಇದು ಸುಲಭಸಾಧ್ಯವೆಂದು ತೋರುವುದುಂಟು. ಆದರೆ ಅವಧಿಯ ಎರಡು ತುದಿಗಳಲ್ಲಿನ ವೇಗಗಳನ್ನಷ್ಟೇ ಕೇಳಿ, ನಡುವೆ ಕಾಯವು ಓಡಿತೋ ಮುಗ್ಗರಿಸಿತೋ ಕ್ಷಣಕಾಲ ನಿಂತಿತೋ ಎಂಬುದನ್ನು ಸ್ವಲ್ಪವೂ ವಿಚಾರಿಸದಿರುವುದೇ ಈ ಗಣನೆಯ ಸಾಮರ್ಥ್ಯವಾಗಿರುವಂತೆ ಅದರ ಪರಿಮಿತಿಯೂ ಆಗಿದೆ. ಲೆಕ್ಕವನ್ನು ತಪ್ಪಿಲ್ಲದೆ ಬಿಡಿಸಿಯೂ ದೊರೆತ ಬಲವು ಯಾರು ಯಾವುದರ ಮೇಲೆ ಎಷ್ಟು ಹೊತ್ತು ಪ್ರಯೋಗಿಸಿದ್ದೆಂದು ಹೇಳಲಾರದವರು ವಿರಳವಲ್ಲ. ಘರ್ಷಣೆಯೇ ಇಲ್ಲದ ಮೇಜು, ತೂಕವೇ ಇಲ್ಲದ ದಾರ, ಹೆಸರೇ ಇಲ್ಲದ ಮರದ ದಿಮ್ಮಿ ಮುಂತಾಗಿ ಪಠ್ಯಪುಸ್ತಕಗಳು ಕಟ್ಟಿಕೊಡುವ ನಿರ್ಜನ ಪ್ರಪಂಚವು ಇದಕ್ಕೆ ಬಹುಮಟ್ಟಿಗೆ ಕಾರಣ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಇದೇ ಲೆಕ್ಕಗಳು ತೋಟದಲ್ಲಿ, ತೇರಿನ ಬೀದಿಯಲ್ಲಿ, ಹೋರಿಯ ಅಖಾಡದಲ್ಲಿ ನಿತ್ಯವೂ ಕಣ್ಣಿಗೆ ಬೀಳುವುದರಿಂದ ಪ್ರಸ್ತುತ ವಿವರಣೆಗೆ ಆ ಸೀಮೆಯ ನಿದರ್ಶನಗಳನ್ನೇ ಆಯ್ದುಕೊಳ್ಳಲಾಗಿದೆ. ಲೆಕ್ಕಕ್ಕಾಗಿ ಇಟ್ಟುಕೊಂಡ ದ್ರವ್ಯರಾಶಿ, ವೇಗ, ಕಾಲಗಳು ಅಂದಾಜಿನವೇ ಹೊರತು ಅಳೆದು ತೆಗೆದವಲ್ಲ.

ಚಲನೆಯ ಕಾರಣವನ್ನು ಕುರಿತ ವಿಚಾರ ಈ ನೆಲಕ್ಕೆ ಹೊಸದೇನೂ ಅಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನವು ಅಲ್ಲಿ ವೇದ, ವ್ಯಾಕರಣಗಳೊಡನೆ ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ ಮೊದಲಾದ ದರ್ಶನಗಳ ವ್ಯಾಖ್ಯಾನವೂ ನಡೆಯುತ್ತಿದ್ದುದನ್ನು ತಿಳಿಸುತ್ತದೆ, ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಈ ಶಾಸನವಿದೆ. ವೈಶೇಷಿಕರು ಚಲನೆಯನ್ನು ಕರ್ಮವೆಂಬ ಪದಾರ್ಥವಾಗಿ ಎಣಿಸಿ, ಬಿಲ್ಲಿನಿಂದ ಹೊರಟ ಬಾಣದ ಮೊದಲ ಚಲನೆಗೆ ನೋದನವೆಂಬ ತಳ್ಳಿಕೆಯೂ, ಮುಂದಿನ ಚಲನೆಗೆ ವೇಗವೆಂಬ ಸಂಸ್ಕಾರವೂ, ಅದು ಕ್ಷಯಿಸಿದ ಮೇಲೆ ಕೆಳಗೆ ಬೀಳುವುದಕ್ಕೆ ಗುರುತ್ವವೂ ಕಾರಣವೆಂದು ಸೂಕ್ಷ್ಮವಾಗಿ ವಿವೇಚಿಸಿದರು. ಇದನ್ನೇ ಹಿಡಿದು ನ್ಯೂಟನ್ನನ ನಿಯಮಗಳನ್ನು ವೈಶೇಷಿಕರ ಮೂಲಪುರುಷನಾದ ಕಣಾದನು ಮೊದಲೇ ಹೇಳಿದ್ದನೆಂದು ಸಾರುವ ಉತ್ಸಾಹಿಗಳು ಈಚೆಗೆ ಹೆಚ್ಚಾಗಿದ್ದಾರೆ. ಅದು ಎರಡು ಶಾಸ್ತ್ರಗಳಿಗೂ ಸಲ್ಲಿಸುವ ಗೌರವವಲ್ಲ. ವೈಶೇಷಿಕರ ವಿವೇಚನೆ ಕಾರ್ಯಕಾರಣಗಳ ಸ್ವರೂಪವನ್ನು ಕುರಿತದ್ದು. ವೇಗದ ವ್ಯತ್ಯಾಸವನ್ನು ಕಾಲದಿಂದ ಭಾಗಿಸುವ ಕ್ರಮ ಅದರಲ್ಲಿ ಇಲ್ಲ, ಅದನ್ನು ಅದು ಬಯಸಿಯೂ ಇರಲಿಲ್ಲ.

ಆ ಕ್ರಮವು ಬೆಳೆದದ್ದು ಬೇರೊಂದು ದಾರಿಯಲ್ಲಿ. ಸಮನಾಗಿ ಹೆಚ್ಚುವ ವೇಗದಿಂದ ಸಾಗಿದ ದೂರವು ಆದ್ಯಂತ ವೇಗಗಳ ಸರಾಸರಿಯಿಂದ ಅಷ್ಟೇ ಹೊತ್ತು ಸಾಗಿದ ದೂರಕ್ಕೆ ಸಮವೆಂಬುದನ್ನು 14ನೆಯ ಶತಮಾನದಲ್ಲಿ ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನ ಪಂಡಿತರು ಕಂಡುಕೊಂಡರು. ಬೀಳುವ ಕಾಯಗಳಿಗೆ ಅದು ಅನ್ವಯಿಸುವ ಬಗೆಯನ್ನು ಗೆಲಿಲಿಯೊ 1638ರ ಗ್ರಂಥದಲ್ಲಿ ತೋರಿಸಿದನು. 1687ರಲ್ಲಿ ಹೊರಬಂದ ನ್ಯೂಟನ್ನನ ‘ಪ್ರಿನ್ಸಿಪಿಯ’ ಗ್ರಂಥವು, ಚಲನೆಯ ವ್ಯತ್ಯಾಸವು ಪ್ರಯೋಗಿಸಿದ ಬಲಕ್ಕೆ ಅನುಪಾತದಲ್ಲಿದ್ದು ಬಲದ ದಿಕ್ಕಿನಲ್ಲೇ ಉಂಟಾಗುವುದೆಂದು ನಿಯಮಿಸಿತು. ಬಲವೆಂದರೆ ದ್ರವ್ಯರಾಶಿ ಮತ್ತು ವೇಗೋತ್ಕರ್ಷಗಳ ಗುಣಲಬ್ಧವೆಂಬ ಇಂದಿನ ರೂಪವನ್ನು ಸಾರ್ವತ್ರಿಕ ಸೂತ್ರವಾಗಿ ಬಳಕೆಗೆ ತಂದವನು 18ನೆಯ ಶತಮಾನದ ಗಣಿತಜ್ಞ ಆಯ್ಲರ್. ಒಂದು ಕಿಲೋಗ್ರಾಂ ದ್ರವ್ಯರಾಶಿಗೆ ಸೆಕೆಂಡಿಗೆ ಸೆಕೆಂಡಿಗೆ ಒಂದು ಮೀಟರ್ ವೇಗೋತ್ಕರ್ಷ ಕೊಡುವ ಬಲಕ್ಕೆ ನ್ಯೂಟನ್ ಎಂಬ ಹೆಸರನ್ನು ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಸಮ್ಮೇಳನ 1948ರಲ್ಲಿ ಅಂಗೀಕರಿಸಿತು. ಕನ್ನಡದಲ್ಲಿ ಈ ವಿಷಯಗಳನ್ನು ಬರೆಯುವ ಪರಿಪಾಟಿಗೆ ಬೆಂಗಳೂರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 1918ರಲ್ಲಿ ಆರಂಭಿಸಿದ ‘ವಿಜ್ಞಾನ’ ಮಾಸಪತ್ರಿಕೆಯೇ ಹೆದ್ದಾರಿಯಾಯಿತು.

ದೀಪಾವಳಿಯ ಬಲಿಪಾಡ್ಯಮಿಯಿಂದ ಮೊದಲುಗೊಂಡು ಮುಂದೆ ಕೆಲವು ತಿಂಗಳವರೆಗೆ ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿಯೂ ನೆರೆಯ ಹಾವೇರಿ ಜಿಲ್ಲೆಯಲ್ಲಿಯೂ ಹೋರಿ ಬೆದರಿಸುವ ಹಬ್ಬ ನಡೆಯುತ್ತದೆ. ಕೊಬ್ಬರಿಯ ಹಾರ, ಬಣ್ಣದ ಪಟ್ಟಿ, ಬಲೂನುಗಳಿಂದ ಸಿಂಗರಿಸಿದ ಹೋರಿಯನ್ನು ಜನಸಂದಣಿಯ ನಡುವಣ ಅಖಾಡದಲ್ಲಿ ಓಡಬಿಡುವರು. ಓಡುವ ಹೋರಿಯನ್ನು ಹಿಡಿದು ಕೊಬ್ಬರಿ ಹರಿದುಕೊಂಡವನು ಶೂರನೆನಿಸುವನು, ಯಾರ ಕೈಗೂ ಸಿಕ್ಕದೆ ಅಖಾಡವನ್ನು ದಾಟಿದ ಹೋರಿ ಊರೂರಿಗೆ ಹೆಸರಾಗುವುದು. 400 ಕಿಲೋಗ್ರಾಂ ದ್ರವ್ಯರಾಶಿಯ ಹೋರಿಯೊಂದು ನಿಂತಲ್ಲಿಂದ ಹೊರಟು 3 ಸೆಕೆಂಡುಗಳಲ್ಲಿ ಸೆಕೆಂಡಿಗೆ 9 ಮೀಟರ್ ವೇಗವನ್ನು ಪಡೆಯಿತೆಂದಿಟ್ಟುಕೊಂಡರೆ, ವೇಗದ ವ್ಯತ್ಯಾಸ 9, ಕಾಲ 3, ಸರಾಸರಿ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ 3 ಮೀಟರ್. ಬಲ 1,200 ನ್ಯೂಟನ್. ಈ ಬಲವನ್ನು ಹೋರಿಯ ಮೇಲೆ ಪ್ರಯೋಗಿಸಿದವರು ಯಾರೆಂದು ಕೇಳಿದರೆ ಹೋರಿಯ ಸ್ನಾಯುಗಳೇ ಎಂಬ ಉತ್ತರವು ನಾಲಗೆಯ ತುದಿಗೆ ಬರುತ್ತದೆ. ಅದು ಸರಿಯಲ್ಲ. ಒಂದು ಕಾಯದ ಒಳಗಿನ ಬಲಗಳು ಆ ಕಾಯವನ್ನು ಇಡಿಯಾಗಿ ಮುಂದಕ್ಕೆ ಸಾಗಿಸಲಾರವು. ಹೋರಿ ಗೊರಸಿನಿಂದ ನೆಲವನ್ನು ಹಿಂದಕ್ಕೆ ಒದೆಯುತ್ತದೆ, ನೆಲವು ಘರ್ಷಣೆಯ ಮೂಲಕ ಹೋರಿಯನ್ನು ಅಷ್ಟೇ ಬಲದಿಂದ ಮುಂದಕ್ಕೆ ತಳ್ಳುತ್ತದೆ, ಆ 1,200 ನ್ಯೂಟನ್ ನೆಲದ್ದು. ಹೋರಿಯ ತೂಕ 3,920 ನ್ಯೂಟನ್ ಆದುದರಿಂದ ಘರ್ಷಣಾಂಕವು ಸುಮಾರು 0.31ಕ್ಕಿಂತ ಕಡಿಮೆಯಿದ್ದ ನೆಲದಲ್ಲಿ ಈ ಓಟವು ಸಾಧ್ಯವೇ ಆಗದೆಂಬುದೂ ಇದೇ ಲೆಕ್ಕದಿಂದ ಹೊರಡುತ್ತದೆ. ಕೆಸರಾದ ಅಖಾಡದಲ್ಲಿ ಎಂತಹ ಬಲಶಾಲಿ ಹೋರಿಯೂ ಜಾರುವುದು ಇದರಿಂದಲೇ.

ಈಗ ಸೆಕೆಂಡಿಗೆ 8 ಮೀಟರ್ ವೇಗದಿಂದ ಬರುತ್ತಿರುವ ಅದೇ ಹೋರಿಗೆ ನಿಂತಿದ್ದ 60 ಕಿಲೋಗ್ರಾಮಿನ ತರುಣನೊಬ್ಬನು ಜೋತುಬಿದ್ದನೆನ್ನೋಣ. ನೆಲದ ಪ್ರಭಾವವನ್ನು ಆ ಅಲ್ಪಾವಧಿಯ ಮಟ್ಟಿಗೆ ಬದಿಗಿಟ್ಟರೆ ಒಟ್ಟು ಸಂವೇಗ, ಅಂದರೆ ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧ, ಬದಲಾಗದು. 400ನ್ನು 8ರಿಂದ ಗುಣಿಸಿ 460ರಿಂದ ಭಾಗಿಸಲು ಇಬ್ಬರ ಸಮಾನ ವೇಗ ಸೆಕೆಂಡಿಗೆ 6.96 ಮೀಟರ್ ಎಂದಾಗುತ್ತದೆ. ಇದು ಅರ್ಧ ಸೆಕೆಂಡಿನಲ್ಲಿ ನಡೆದಿದ್ದರೆ ತರುಣನ ಸರಾಸರಿ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ 13.9 ಮೀಟರ್, ಅವನ ಮೇಲಿನ ಬಲ ಸುಮಾರು 835 ನ್ಯೂಟನ್. ಹೋರಿಯ ವೇಗವು 1.04ರಷ್ಟು ಮಾತ್ರ ಕುಗ್ಗಿ ಅದರ ಋಣ ವೇಗೋತ್ಕರ್ಷ 2.09, ಅದರ ಮೇಲಿನ ಬಲವೂ 835 ನ್ಯೂಟನ್. ಬಲಗಳು ಸಮ, ಪರಿಣಾಮಗಳು ಅಸಮ: ಗುರುತ್ವದ ವೇಗೋತ್ಕರ್ಷಕ್ಕಿಂತ ಮಿಗಿಲಾದುದನ್ನು ಮನುಷ್ಯನು ತನ್ನ ತೋಳುಗಳ ಮೂಲಕ ಸಹಿಸುತ್ತಿರುವಾಗ ಹೋರಿಗೆ ಗುರುತ್ವದ ವೇಗೋತ್ಕರ್ಷದ ಐದನೆಯ ಒಂದು ಭಾಗದಷ್ಟು ಅಡ್ಡಿ ತಗಲುತ್ತದೆ. ಪಳಗಿದವರು ಹೋರಿಗೆ ಎದುರಾಗಿ ನಿಲ್ಲದೆ ಅದರೊಡನೆ ಕೆಲವು ಹೆಜ್ಜೆ ಓಡಿ ಕೈಹಾಕುವುದನ್ನು ಅಖಾಡದಲ್ಲಿ ನೋಡಬಹುದು. ಆದಿವೇಗವು ಸೊನ್ನೆಯಾಗಿರದೆ ಸೆಕೆಂಡಿಗೆ 5 ಮೀಟರ್ ಇದ್ದರೆ ಸಮಾನ ವೇಗ 7.61 ಆಗಿ, ಅದೇ ಅರ್ಧ ಸೆಕೆಂಡಿಗೆ ಬಲ ಸುಮಾರು 313 ನ್ಯೂಟನ್ನಿಗೆ ಇಳಿಯುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ನಿಂತವನ ಮೇಲೆ ಹೋರಿ ಹಾಯ್ದು ಅದೇ ಸಂವೇಗ 0.05 ಸೆಕೆಂಡಿನಲ್ಲಿ ಬದಲಾದರೆ ಬಲ 8,350 ನ್ಯೂಟನ್. ಈ ಹಬ್ಬದಲ್ಲಿ ಪ್ರೇಕ್ಷಕರೂ ಪ್ರಾಣ ಕಳೆದುಕೊಂಡ ವರದಿಗಳು ಬರುತ್ತಿರುವುದರ ಹಿಂದೆ ಇರುವುದು ಹೋರಿಯ ಕ್ರೌರ್ಯಕ್ಕಿಂತ ಹೆಚ್ಚಾಗಿ ಭಾಗಾಕಾರದ ಕೆಳಗಿನ ಈ ಚಿಕ್ಕ ಸಂಖ್ಯೆ. ಅಖಾಡದ ಎರಡು ಬದಿಗಳಲ್ಲಿ ಗಟ್ಟಿ ಬೇಲಿ ಕಟ್ಟಬೇಕೆನ್ನುವವರ ವಾದಕ್ಕೆ ಬೇರೆ ಸಮರ್ಥನೆ ಬೇಕಾಗಿಲ್ಲ.

ಫಲಿತ ಬಲಕ್ಕೂ ಎಳೆತದ ಬಲಕ್ಕೂ ಇರುವ ಅಂತರವನ್ನು ಮನಗಾಣಿಸಲು ತೇರಿಗಿಂತ ಒಳ್ಳೆಯ ಉದಾಹರಣೆ ದೊರೆಯದು. ಶಿಕಾರಿಪುರದ ಹುಚ್ಚರಾಯಸ್ವಾಮಿಯ ರಥೋತ್ಸವದಂತಹ ಸಂದರ್ಭದಲ್ಲಿ 20,000 ಕಿಲೋಗ್ರಾಮಿನ ತೇರನ್ನು ನೂರು ಮಂದಿ ತಲೆಗೆ 150 ನ್ಯೂಟನ್ನಿನಂತೆ ಎಳೆದು, 8 ಸೆಕೆಂಡುಗಳಲ್ಲಿ ಅದಕ್ಕೆ ಸೆಕೆಂಡಿಗೆ 0.4 ಮೀಟರ್ ವೇಗವನ್ನು ತಂದರೆಂದು ಭಾವಿಸಿದರೆ, ಸರಾಸರಿ ವೇಗೋತ್ಕರ್ಷ 0.05, ಫಲಿತ ಬಲ 1,000 ನ್ಯೂಟನ್. ಎಳೆದದ್ದು 15,000. ಉಳಿದ 14,000 ನ್ಯೂಟನ್ ಅಚ್ಚು ಮತ್ತು ನೆಲಗಳ ಘರ್ಷಣೆಗೆ ಸಂದಿತು. ದ್ರವ್ಯರಾಶಿಯನ್ನು ವೇಗೋತ್ಕರ್ಷದಿಂದ ಗುಣಿಸಿದರೆ ಬರುವುದು ಎಲ್ಲ ಬಲಗಳ ಜಮಾಖರ್ಚು ಮುಗಿದ ಮೇಲಿನ ಶಿಲ್ಕು ಮಾತ್ರವೆಂಬುದನ್ನು ಮರೆತ ವಿದ್ಯಾರ್ಥಿಯು ಏಳು ಮಂದಿ ಸಾಕೆಂದು ಉತ್ತರ ಬರೆದು ಬರುವನು. ಹಗ್ಗವನ್ನು ಕೈಬಿಟ್ಟೊಡನೆ ಅದೇ 14,000 ನ್ಯೂಟನ್ ಒಂಟಿಯಾಗಿ ವರ್ತಿಸುವುದರಿಂದ ಋಣ ವೇಗೋತ್ಕರ್ಷ 0.7 ಆಗಿ, ಸಮನೆಲದಲ್ಲಿ ತೇರು ಅರೆ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಕಾಲದಲ್ಲಿ, ಗೇಣು ದೂರವೂ ಸಾಗದೆ ನಿಲ್ಲುತ್ತದೆ. ಇಳಿಜಾರಿನಲ್ಲಿ ಹಾಗಲ್ಲ, ಅಲ್ಲಿ ಗಾಲಿಗೆ ಅಡ್ಡ ಕೊಡುವ ಮರದ ತುಂಡಿನ ಕೆಲಸ ಮೊದಲಾಗುತ್ತದೆ.

ಸೊರಬ ಸೀಮೆಯ ಅಡಿಕೆ ತೋಟದ ಕೊನೆ (ಗೊನೆ) ಕೊಯ್ಲಿನಲ್ಲಿ ಅಡಗಿರುವ ಲೆಕ್ಕವು ಇನ್ನಷ್ಟು ಸ್ವಾರಸ್ಯವುಳ್ಳದ್ದು. ಮರವೇರಿದ ಕೊನೆಗೌಡನು ಕೊನೆಯನ್ನು ಕೊಯ್ದು ನೆಟ್ಟಗೆ ನೆಲಕ್ಕೆ ಒಗೆಯದೆ ಹಗ್ಗದ ಗುಂಟ ಜಾರಿಸುತ್ತಾನೆ, ಕೆಳಗಿನವನು ಅದನ್ನು ಹಿಡಿದಿಳಿಸಿಕೊಳ್ಳುತ್ತಾನೆ. ಹಗ್ಗವಿಲ್ಲದೆ 6 ಕಿಲೋಗ್ರಾಮಿನ ಕೊನೆಯೊಂದು 15 ಮೀಟರ್ ಎತ್ತರದಿಂದ ಬಿದ್ದರೆ ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 17.1 ಮೀಟರ್ ಆಗಿರುತ್ತದೆ. ಗಟ್ಟಿ ನೆಲದಲ್ಲಿ ಅದು 0.01 ಸೆಕೆಂಡಿನಲ್ಲಿ ನಿಂತರೆ ಸರಾಸರಿ ವೇಗೋತ್ಕರ್ಷ ಮೇಲ್ಮುಖವಾಗಿ ಸುಮಾರು 1,710, ಫಲಿತ ಬಲ ಸುಮಾರು 10,300 ನ್ಯೂಟನ್. ಕಾಯಿಗಳು ಚೆದರಿ ಹೋಗುವುದರಲ್ಲಿ ಆಶ್ಚರ್ಯವಿಲ್ಲ. ನೆಲವು ಕೊಟ್ಟ ಬಲವನ್ನು ತಿಳಿಯಬೇಕಾದರೆ ಇದಕ್ಕೆ ಕೊನೆಯ ತೂಕವಾದ 59 ನ್ಯೂಟನ್ನನ್ನು ಕೂಡಿಸಬೇಕು, ಏಕೆಂದರೆ ನೆಲವು ಕೊನೆಯನ್ನು ತಡೆದು ನಿಲ್ಲಿಸುವುದರ ಜೊತೆಗೆ ಅದರ ಭಾರವನ್ನೂ ಹೊರುತ್ತಿದೆ. ಹತ್ತು ಸಾವಿರದ ಮುಂದೆ ಐವತ್ತೊಂಬತ್ತು ಗಣ್ಯವಲ್ಲವೆಂದು ಬಿಟ್ಟುಬಿಡುವುದು ವಾಡಿಕೆ. ಇಲ್ಲಿ ಅದು ನ್ಯಾಯವೂ ಹೌದು. ಆದರೆ ಅದೇ ಕೊನೆಯನ್ನು ದಪ್ಪ ಸೊಪ್ಪಿನ ಹಾಸಿನ ಮೇಲೆ ಬೀಳಿಸಿ, ನಿಲ್ಲುವ ಕಾಲವು 0.2 ಸೆಕೆಂಡಿಗೆ ವಿಸ್ತರಿಸಿತೆಂದರೆ ಫಲಿತ ಬಲ 514ಕ್ಕೆ ಇಳಿದು, ತೂಕದ 59 ಅದರ ಒಂಬತ್ತನೆಯ ಒಂದು ಭಾಗವಾಗುತ್ತದೆ; ಹಾಸು ಕೊಟ್ಟ ಬಲ 573 ನ್ಯೂಟನ್. ಹೊಡೆತದ ಕಾಲ ಹಿಗ್ಗಿದಷ್ಟೂ ತೂಕದ ಪಾಲು ಏರುತ್ತದೆ, ಬಿಟ್ಟವನ ಲೆಕ್ಕ ಅಷ್ಟಷ್ಟು ತಪ್ಪುತ್ತದೆ. ಯಾವಾಗ ತೂಕವನ್ನು ಬಿಡಬಹುದು, ಯಾವಾಗ ಬಿಡಬಾರದು ಎಂಬ ಪ್ರಶ್ನೆಗೆ ಬಾಯಿಪಾಠದ ಉತ್ತರವಿಲ್ಲ. ಹೊಡೆತದ ವೇಗೋತ್ಕರ್ಷವನ್ನು ಗುರುತ್ವದ ವೇಗೋತ್ಕರ್ಷವಾದ 9.8ರೊಡನೆ ತೂಗಿ ನೋಡತಕ್ಕದ್ದು. ಇನ್ನು ಹಗ್ಗದ ಉಪಾಯವು ಎರಡು ಬಗೆಯಾಗಿ ಫಲಿಸುತ್ತದೆ: ಓರೆಯಾದ ದಾರಿಯೂ ಹಗ್ಗದ ಘರ್ಷಣೆಯೂ ಸೇರಿ ಅಂತಿಮ ವೇಗವನ್ನೇ ತಗ್ಗಿಸುತ್ತವೆ, ಹಿಡಿಯುವವನ ಕೈಗಳು ನಿಲ್ಲುವ ಕಾಲವನ್ನು ಹಿಗ್ಗಿಸುತ್ತವೆ. ಭಾಜ್ಯವನ್ನು ಕುಗ್ಗಿಸಿ ಭಾಜಕವನ್ನು ಬೆಳೆಸುವ ಈ ಕೌಶಲವನ್ನು ಮಲೆನಾಡಿನ ತೋಟಿಗರು ಯಾವ ಸೂತ್ರದ ಹಂಗೂ ಇಲ್ಲದೆ ರೂಢಿಸಿಕೊಂಡಿರುವರು.

ವೇಗಕ್ಕೆ ಪರಿಮಾಣದಂತೆ ದಿಕ್ಕೂ ಇರುವುದರಿಂದ ವ್ಯತ್ಯಾಸವನ್ನು ತೆಗೆಯುವಾಗ ಎರಡನ್ನೂ ಗಣಿಸಬೇಕು. ಶಿಕಾರಿಪುರದಿಂದ ಶಿರಾಳಕೊಪ್ಪದ ಕಡೆಗೆ ಹೊರಟ ಬಸ್ಸೊಂದು ತಿರುವಿನಲ್ಲಿ ಸೆಕೆಂಡಿಗೆ 10 ಮೀಟರ್ ಜವವನ್ನು ಕಿಂಚಿತ್ತೂ ಬದಲಿಸದೆ, ಪೂರ್ವಾಭಿಮುಖವಾಗಿದ್ದುದು 5 ಸೆಕೆಂಡುಗಳಲ್ಲಿ ಉತ್ತರಾಭಿಮುಖವಾಯಿತೆಂದರೆ, ಹತ್ತರಿಂದ ಹತ್ತನ್ನು ಕಳೆದು ಸೊನ್ನೆ ಎನ್ನುವಂತಿಲ್ಲ. ಪೂರ್ವದ 10 ಅಳಿದು ಉತ್ತರದ 10 ಹುಟ್ಟಿದೆ. ವ್ಯತ್ಯಾಸವು ವಾಯವ್ಯಕ್ಕೆ 14.1, ಸರಾಸರಿ ವೇಗೋತ್ಕರ್ಷ ಅದೇ ದಿಕ್ಕಿನಲ್ಲಿ 2.83, 60 ಕಿಲೋಗ್ರಾಮಿನ ಪ್ರಯಾಣಿಕನನ್ನು ತಿರುಗಿಸಲು ಆಸನವೂ ಹಿಡಿಕೆಯೂ ಕೊಡಬೇಕಾದ ಬಲ 170 ನ್ಯೂಟನ್. ವೃತ್ತಾಕಾರದ ಆ ತಿರುವಿನ ಪ್ರತಿ ಕ್ಷಣದಲ್ಲಿಯೂ ವೇಗೋತ್ಕರ್ಷದ ಪರಿಮಾಣ 3.14 ಇದ್ದು, ಸರಾಸರಿಯು ಮಾತ್ರ ಅದಕ್ಕಿಂತ ಕಡಿಮೆಯಾಗಿರುವುದನ್ನು ಗಮನಿಸಬೇಕು. ಕ್ಷಣಕ್ಷಣಕ್ಕೂ ದಿಕ್ಕು ತಿರುಗುತ್ತಿರುವ ವೇಗೋತ್ಕರ್ಷಗಳು ಪರಸ್ಪರವನ್ನು ಸ್ವಲ್ಪಸ್ವಲ್ಪವಾಗಿ ಕಳೆಯುತ್ತವೆ. ಬಸ್ಸು ಪೂರ್ಣ ವೃತ್ತವನ್ನು ಸುತ್ತಿ ಮೊದಲಿನ ದಿಕ್ಕಿಗೇ ಬಂದರೆ ಸರಾಸರಿ ವೇಗೋತ್ಕರ್ಷ ಸೊನ್ನೆ, ಪ್ರಯಾಣಿಕರಿಗೆ ಮಾತ್ರ ತಲೆಸುತ್ತು. ನೇರ ದಾರಿಯಲ್ಲಿ ಬ್ರೇಕು ಹಾಕಿದ ಲೆಕ್ಕವು ಇದಕ್ಕಿಂತ ಸರಳ: ಗಂಟೆಗೆ 54 ಕಿಲೋಮೀಟರ್, ಅಂದರೆ ಸೆಕೆಂಡಿಗೆ 15 ಮೀಟರ್ ವೇಗದ 12,000 ಕಿಲೋಗ್ರಾಮಿನ ಬಸ್ಸು 6 ಸೆಕೆಂಡಿನಲ್ಲಿ ನಿಂತರೆ 30,000 ನ್ಯೂಟನ್, ದನ ಅಡ್ಡಬಂದು 3 ಸೆಕೆಂಡಿನಲ್ಲಿ ನಿಂತರೆ 60,000.

ಸರಾಸರಿ ಬಲವೆಂಬುದು ಒಂದೇ ಅಲ್ಲ, ಎರಡು. ಪ್ರಾರಂಭಿಕ ಪುಸ್ತಕಗಳು ಮೌನವಾಗಿ ದಾಟಿಹೋಗುವ ಸಂಗತಿಯಿದು. 400 ಕಿಲೋಗ್ರಾಮಿನ ಎತ್ತಿನ ಗಾಡಿಯ ಮೇಲೆ ಫಲಿತ ಬಲವು ಮೊದಲ 4 ಸೆಕೆಂಡು 100 ನ್ಯೂಟನ್, ಮುಂದಿನ 4 ಸೆಕೆಂಡು 300 ನ್ಯೂಟನ್ ಇತ್ತೆಂದುಕೊಳ್ಳೋಣ. ಮೊದಲ ಘಟ್ಟದ ಕೊನೆಗೆ ವೇಗ 1, ಎರಡನೆಯದರ ಕೊನೆಗೆ 4. ಸಾಗಿದ ದೂರ ಮೊದಲು 2, ಆಮೇಲೆ 10, ಒಟ್ಟು 12 ಮೀಟರ್. ಸಂವೇಗದ ವ್ಯತ್ಯಾಸವಾದ 1,600ನ್ನು 8 ಸೆಕೆಂಡಿನಿಂದ ಭಾಗಿಸಿದರೆ ಕಾಲಾನುಸಾರಿಯಾದ ಸರಾಸರಿ 200 ನ್ಯೂಟನ್. ಚಲನಶಕ್ತಿಯ ವ್ಯತ್ಯಾಸವಾದ 3,200 ಜೂಲನ್ನು 12 ಮೀಟರಿನಿಂದ ಭಾಗಿಸಿದರೆ ದೂರಾನುಸಾರಿಯಾದ ಸರಾಸರಿ 267. ಎರಡೂ ಸರಿಯೇ. ಹೆಚ್ಚು ಬಲ ವರ್ತಿಸಿದಾಗ ಗಾಡಿ ಹೆಚ್ಚು ದೂರವನ್ನು ಕ್ರಮಿಸಿದ್ದರಿಂದ ದೂರದ ಸರಾಸರಿಯಲ್ಲಿ ಅದರ ತೂಕ ಹೆಚ್ಚಾಯಿತು. ಬಲವು ಆದ್ಯಂತ ಸ್ಥಿರವಾಗಿದ್ದರೆ ಮಾತ್ರ ಎರಡೂ ಏಕವಾಗುತ್ತವೆಂಬ ಭರವಸೆಯನ್ನು ಮುಂದಾಗಿ ಕೊಡಬಹುದು. ಆದ್ಯಂತ ವೇಗಗಳನ್ನು ಕೂಡಿಸಿ ಅರ್ಧಮಾಡುವ ಮರ್ಟನ್ ಪಂಡಿತರ ಕ್ರಮಕ್ಕೂ ಅದೇ ನಿಬಂಧನೆ ಉಂಟು. ಈ ಗಾಡಿಯ ಆದ್ಯಂತ ವೇಗಗಳ ಅರ್ಧ 2, ನಿಜವಾದ ಸರಾಸರಿ ವೇಗ 1.5. ನಿಲ್ಲುವ ಕಾಲವನ್ನು ಕೊಡದೆ ನಿಲ್ಲುವ ದೂರವನ್ನಷ್ಟೇ ಕೊಟ್ಟ ಪ್ರಶ್ನೆಗಳಲ್ಲಿ ವೇಗೋತ್ಕರ್ಷವು ಸ್ಥಿರವೆಂಬ ಊಹೆ ಗುಟ್ಟಾಗಿ ನುಸುಳಿರುತ್ತದೆ.

ಗೊತ್ತಾದ ದ್ರವ್ಯರಾಶಿಯ ಕಾಯವೇ ಇಲ್ಲದ ಸಂದರ್ಭಗಳಲ್ಲಿ ಸಂವೇಗದ ದರವನ್ನೇ ನೇರವಾಗಿ ಹಿಡಿಯಬೇಕಾಗುತ್ತದೆ. ಕುಮುದ್ವತಿ ನದಿಯ ಅಂಜನಾಪುರ ಜಲಾಶಯದಂತಹ ಕಡೆ ನಾಲೆಯಲ್ಲಿ ಸೆಕೆಂಡಿಗೆ 2 ಘನಮೀಟರ್ ನೀರು ಸೆಕೆಂಡಿಗೆ 3 ಮೀಟರ್ ವೇಗದಿಂದ ಬಂದು ಗೋಡೆಗೆ ತಗಲಿ ಆ ದಿಕ್ಕಿನ ವೇಗವನ್ನು ಪೂರ್ತಿ ಕಳೆದುಕೊಂಡರೆ, ಪ್ರತಿ ಸೆಕೆಂಡಿಗೂ 2,000 ಕಿಲೋಗ್ರಾಂ ನೀರಿನ ಸಂವೇಗ ಅಳಿಯುವುದರಿಂದ ಗೋಡೆಯ ಮೇಲೆ 6,000 ನ್ಯೂಟನ್ ಬೀಳುತ್ತದೆ.

ಸರಾಸರಿಯು ಶಿಖರವನ್ನು ಮರೆಮಾಡುವುದೆಂಬುದನ್ನೂ ಇಲ್ಲಿ ಹೇಳಬೇಕು. ಹೊಡೆತದ ಬಲವು ಸೊನ್ನೆಯಿಂದ ಏರಿ ಮತ್ತೆ ಸೊನ್ನೆಗೆ ಇಳಿಯುತ್ತದೆ. ಆ ಏರಿಳಿತವು ಅರ್ಧ ಸೈನ್ ವಕ್ರದಂತಿದ್ದರೆ ಗರಿಷ್ಠ ಬಲವು ಸರಾಸರಿಯ 1.57 ಪಟ್ಟು. ತರುಣನ ಕೈಗೆ ಬಿದ್ದ 835 ನ್ಯೂಟನ್ ಒಂದು ಕ್ಷಣ 1,300ನ್ನು ಮುಟ್ಟಿರಬಹುದು, ಕೊಬ್ಬರಿ ಹಾರದ ಹುರಿ ಕಡಿಯುವುದನ್ನು ನಿರ್ಣಯಿಸುವುದು ಆ ಎರಡನೆಯ ಸಂಖ್ಯೆ. ಗುರುತ್ವದ ವೇಗೋತ್ಕರ್ಷವನ್ನು 9.8 ಎಂದು ತೆಗೆದುಕೊಳ್ಳುವುದೂ ಒಂದು ಸೌಕರ್ಯವಷ್ಟೆ: 1901ರಲ್ಲಿ ಗೊತ್ತುಪಡಿಸಿದ ಪ್ರಮಾಣ ಬೆಲೆ 9.80665, ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ, 14 ಡಿಗ್ರಿ ಉತ್ತರ ಅಕ್ಷಾಂಶದ ಸಮೀಪದಲ್ಲಿರುವ ಶಿಕಾರಿಪುರದಲ್ಲಿ ಲೆಕ್ಕಕ್ಕೆ ಬರುವುದು 9.78ರ ಆಸುಪಾಸು. ಈ ಅಂತರಕ್ಕಾಗಿ ತಲೆ ಕೆಡಿಸಿಕೊಳ್ಳುವ ಮೊದಲು ಕಾಲದ ಅಳತೆ ಎಷ್ಟು ನಿಖರವೆಂದು ನೋಡಬೇಕು. ಜೋತುಬಿದ್ದ ಹೊತ್ತು ಅರ್ಧ ಸೆಕೆಂಡು ಎಂಬುದು ಒಂದೇ ಅಂಕೆಯ ಅಂದಾಜು, 0.4 ಆಗಿದ್ದರೆ ಬಲ 1,044, 0.6 ಆಗಿದ್ದರೆ 696. ಆದುದರಿಂದ ಆ ಉತ್ತರವನ್ನು 834.78 ಎಂದು ಎರಡು ದಶಮಾಂಶ ಸ್ಥಾನಗಳವರೆಗೆ ಬರೆಯದೆ, ಸುಮಾರು 800 ನ್ಯೂಟನ್ ಎಂದು ಬರೆಯುವುದೇ ಶಾಸ್ತ್ರಸಮ್ಮತ.